ಇನ್ನೂರ ಹದಿಮೂರನೆಯ ಒಪ್ಪಿಗೆ

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಅಂಗಡಿಯ ಶಟರ್ ಕಚ್ಚಿಕೊಂಡಿತು. ಬೀಗ ತೆಗೆದೆ, ಹಿಡಿಕೆಗೆ ಕೈ ಹಾಕಿ ಎತ್ತಿದೆ, ಏಳಲಿಲ್ಲ. ಇನ್ನೊಮ್ಮೆ ಎತ್ತಿದೆ. ತುಕ್ಕು ಹಿಡಿದ ಶಟರ್ ಕಿರುಗುಟ್ಟುತ್ತದೆ, ಓರೆಯಾದ ಶಟರ್ ಅರ್ಧಕ್ಕೆ ನಿಲ್ಲುತ್ತದೆ, ಕಚ್ಚಿದ ಶಟರ್ ಮಾತ್ರ ಸದ್ದೇ ಮಾಡುವುದಿಲ್ಲ.  ಆದರೂ ಬಿಡದೆ ಮೂರನೇ ಸಲ ಎತ್ತುವ ಹಾಗೆ ನಟಿಸಿದೆ, ಯಾಕೆಂದರೆ ಪಕ್ಕದ ವಾಚ್ ರಿಪೇರಿ ಅಂಗಡಿಯ ಇಲಿಯಾಸ್ ಸಾಹೇಬರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇನ್ನೊಂದು ಕಣ್ಣಲ್ಲಿ ನನ್ನನ್ನೇ ನೋಡುತ್ತಿದ್ದರು.

ನಿಮ್ಮೂರಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಅಂಗಡಿಯವರ ಹೆಸರಿನಿಂದ ಒಪ್ಪಿಗೆ ಕೊಡದವರಿಗೆ ಒಂದು ಇ-ಮೇಲ್ ಹೋದರೂ ಸಾಕು, ಮರುದಿನ ಶಟರ್ ಕಚ್ಚುತ್ತದೆ. ನಾವೇ ಕಳಿಸಿದೆವೋ, ವೆಬ್‌ಸೈಟಿಗೆ ಕನ್ನ ಹಾಕಿ ಇನ್ಯಾರೋ ಕಳಿಸಿದರೋ ಎಂದು ಅದು ವಿಚಾರಿಸುವುದಿಲ್ಲ. ಯಾರಿಗೆ ಹಾಗೆ ಹೋಯಿತೋ ಅವರೇ ಬಂದು ಕೈ ಹಾಕಿದರೆ ಒಂದು ಬೆರಳಿಗೆ ಏಳುತ್ತದೆ. ಒಂಬತ್ತನೇ ದಿನ ಹೊತ್ತು ಮುಳುಗುವುದರೊಳಗೆ ಅವರು ಸಿಗದಿದ್ದರೆ ಶಟರ್ ಗೋಡೆಯಾಗುತ್ತದೆ. ಪೇಟೆ ಬೀದಿಯ ಮೂಲೆಯಲ್ಲಿ ಈಗ ಸಿನಿಮಾ ಪೋಸ್ಟರ್ ಅಂಟಿಸುವ ಗೋಡೆಯಿದೆಯಲ್ಲ, ಅದು ಒಂದು ಕಾಲಕ್ಕೆ ಸ್ವೀಟ್ ಸ್ಟಾಲ್ ಆಗಿತ್ತು. ಯಾರೋ ಅವರ ವೆಬ್‌ಸೈಟಿಗೆ ನುಗ್ಗಿ, ಕೂದಲು ಬೆಳೆಸುವ ಔಷಧಿಯ ಜಾಹೀರಾತನ್ನು ನಾಲ್ಕು ಸಾವಿರ ಜನಕ್ಕೆ ಮೇಲ್ ಕಳಿಸಿದರು. ಆ ನಾಲ್ಕು ಸಾವಿರ ಜನ ಯಾವ ಊರಿನವರೋ ಏನೋ, ಎಲ್ಲಿ ಅಂತ ಹುಡುಕುವುದು? ಗೋಡೆಯ ಹಿಂದೆ ಮೈಸೂರು ಪಾಕಿನ ತಟ್ಟೆಗಳು ಹಾಗೇ ಇವೆ ಎನ್ನುತ್ತಾರೆ.

ನನ್ನದು ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ರವಿಕೆ ಬಟ್ಟೆ, ಲೈನಿಂಗ್, ಫಾಲ್, ಗುಂಡಿ, ಹುಕ್ಕು. ಇಪ್ಪತ್ತಾರು ವರ್ಷದಿಂದ ನಾನೊಬ್ಬಳೇ ನಡೆಸಿಕೊಂಡು ಬಂದಿದ್ದೇನೆ, ಅದು ಬಿಟ್ಟರೆ ನನಗೆ ಇನ್ನೊಂದು ಕೆಲಸ ಬಾರದು. ನನಗೆ ಮುಖ ಮರೆತುಹೋಗುತ್ತದೆ, ಬಣ್ಣ ಮರೆಯುವುದಿಲ್ಲ. ರಸ್ತೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಯಾರಪ್ಪಾ ಇವರು ಅಂತ ಪೇಚಾಡುತ್ತೇನೆ, ಆಮೇಲೆ ಓಹೋ ಗಿಳಿಹಸಿರು, ಓಹೋ ಮೆಂತೆ ಬಣ್ಣ ಅಂತ ಹೊಳೆಯುತ್ತದೆ. ಹೊಂದುವ ಬಟ್ಟೆ ಸಿಗದ ದಿನ ಗಿರಾಕಿಗಳು ಸೀರೆಯ ಅಂಚಿನಿಂದ ಒಂದು ಚೂರು ಕತ್ತರಿಸಿ ಕೊಡುತ್ತಾರೆ. ನಾನದನ್ನು ಒಂದು ಪುಸ್ತಕಕ್ಕೆ ಪಿನ್ ಮಾಡಿ ಪಕ್ಕದಲ್ಲಿ ಅವರ ಮೇಲ್ ವಿಳಾಸ ಬರೆದುಕೊಳ್ಳುತ್ತೇನೆ. ಬಣ್ಣ ಬಂದ ದಿನ ತಿಳಿಸುತ್ತೇನೆ, ಅವರು ಬಂದು ಬಟ್ಟೆ ಒಯ್ಯುತ್ತಾರೆ, ಚೂರು ವಾಪಸು ಕೊಟ್ಟುಬಿಡುತ್ತೇನೆ.

ಎರಡು ವರ್ಷದ ಹಿಂದೆ ತೀರ್ಥೇಶಣ್ಣ ನನ್ನ ಅಂಗಡಿಗೂ ಒಂದು ವೆಬ್‌ಸೈಟ್ ಮಾಡಿಕೊಟ್ಟರು. ಮೊದಲು ಅವರು ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವರು. ಬೋರ್ಡುಗಳೆಲ್ಲ ಪ್ಲಾಸ್ಟಿಕ್ ಆದ ಮೇಲೆ ಕಂಪ್ಯೂಟರ್ ಕಲಿತು ವೆಬ್‌ಸೈಟಿಗೆ ಇಳಿದರು. ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ, ಪೇಟೆ ಬೀದಿಯ ಹನ್ನೆರಡು ಅಂಗಡಿಗಳ ವೆಬ್‌ಸೈಟಿನ ಬೀಗವೂ ಅವರ ಸುಪರ್ದಿಯಲ್ಲಿ. ನನ್ನ ವೆಬ್‌ಸೈಟಿನಲ್ಲಿ ಅವರು ಒಂದು ಖಾಲಿ ಚೌಕ ಇಟ್ಟರು. ಹೊಸ ಮಾಲು ಬಂದಾಗಲೆಲ್ಲ ಮೇಲ್ ಬರಲಿ ಅನ್ನುವವರು ತಾವೇ ಅದಕ್ಕೆ ಟಿಕ್ ಹಾಕಬೇಕು. ಮೊದಲೇ ಟಿಕ್ ಹಾಕಿ ಇಡಿ, ಬೇಡದವರು ತೆಗೆದುಕೊಳ್ಳಲಿ ಎಂದು ನಾನು ಹೇಳಿ ನೋಡಿದೆ. ಮನುಷ್ಯ ಜಪ್ಪಯ್ಯ ಅನ್ನಲಿಲ್ಲ. ಹಾಗೆ ಒಬ್ಬೊಬ್ಬರೇ ಸೇರಿ ನನ್ನ ಪಟ್ಟಿ ಇನ್ನೂರ ಹದಿಮೂರಾಗಿತ್ತು. ಇಲಿಯಾಸ್ ಸಾಹೇಬರದು ಇನ್ನೂರ ಹನ್ನೆರಡು. ಅವರು ವರ್ತಕರ ಸಂಘದ ಅಧ್ಯಕ್ಷರಾದರೇನು, ಒಂದು ಕಡಿಮೆಯೇ.

ಮಂಗಳವಾರ ಸಂಜೆ ಆ ಇನ್ನೂರ ಹದಿಮೂರು ಜನಕ್ಕೂ ನಾನು ಹಬ್ಬದ ಮೇಲ್ ಕಳಿಸಿದ್ದೆ. ಬುಧವಾರ ಶಟರ್ ಕಚ್ಚಿತು. ಎಲ್ಲರೂ ಟಿಕ್ ಹಾಕಿದವರೇ, ಆದ್ದರಿಂದ ಇದು ನನ್ನ ಹಬ್ಬದ ಮೇಲ್‌ನಿಂದ ಆದದ್ದಲ್ಲ, ನನ್ನ ಹೆಸರು ಇಟ್ಟುಕೊಂಡು ಬೇರೆ ಯಾರೋ ಆಟ ಆಡಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ಒಂದು ಸ್ಟೂಲು ತರಿಸಿಕೊಂಡು ಕಚ್ಚಿದ ಶಟರಿನ ಮುಂದೆ ಕೂತೆ, ಹೋಗುವವರನ್ನೂ ಬರುವವರನ್ನೂ ದಿಟ್ಟಿಸಿ ನೋಡಿದೆ. ನಮ್ಮಲ್ಲಿ ಕಚ್ಚಿದ ಶಟರನ್ನು ಅಂಗಡಿಯವರು ಕರೆಯದೆ ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಇವರಿಂದ ನನಗೆ ಅನ್ಯಾಯವಾಗಿದೆ ಎಂದು ನಡುಬೀದಿಯಲ್ಲಿ ಕೂಗಿ ಹೇಳಿದ ಹಾಗೆ. ಹಾಗಾಗಿ ಜನ ಎರಡು ಮಾರು ದೂರದಿಂದಲೇ ಲೊಚಗುಟ್ಟಿ ಹೋಗುತ್ತಿದ್ದರು. ಹನ್ನೊಂದು ಗಂಟೆಗೆ ಎದುರಿನ ಕಬ್ಬಿನ ಹಾಲಿನ ಅಂಗಡಿಯ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ನರೆತ ಕೂದಲು, ಕೈಯಲ್ಲಿ ಹಳದಿ ಬಟ್ಟೆಚೀಲ. ನನ್ನ ಶಟರನ್ನೇ ಹತ್ತು ನಿಮಿಷ ನೋಡಿ ಹೊರಟುಹೋದಳು. ನೋಡಿ ಸಂತೋಷಪಡುವವರಿಗೆ ಬರವೇ ಎಂದುಕೊಂಡೆ.

ಮಧ್ಯಾಹ್ನ ತೀರ್ಥೇಶಣ್ಣ ಲ್ಯಾಪ್‌ಟಾಪ್ ಹಿಡಿದುಕೊಂಡು ಓಡಿ ಬಂದರು. ಸ್ಟೂಲಿನ ಮೇಲೆ ಇಟ್ಟು ಅದೂ ಇದೂ ತೆಗೆದು ನೋಡಿದರು. ಯಾರೂ ಬೀಗ ಮುರಿದಿಲ್ಲ, ಹೊರಗಿನವರು ನುಗ್ಗಿದ ಗುರುತಿಲ್ಲ, ನಿಮ್ಮ ಮೇಲ್ ಬಿಟ್ಟರೆ ಬೇರೆ ಯಾವುದೂ ಇಲ್ಲಿಂದ ಹೋಗಿಲ್ಲ ಎಂದರು. ಯಾರು ಯಾರು ಯಾವಾಗ ಒಳಗೆ ಬಂದಿದ್ದಾರೆ ಎನ್ನುವ ಪಟ್ಟಿಯನ್ನೂ ತೋರಿಸಿದರು. ಅದರಲ್ಲಿ ಇದ್ದದ್ದು ಎರಡೇ ಹೆಸರು. ಒಂದು ನನ್ನದು. ಇನ್ನೊಂದು ಅವರದೇ, ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಅಂದರೆ ನಾನು ಮೇಲ್ ಕಳಿಸುವ ಹಿಂದಿನ ದಿನ.

ಸೋಮವಾರ ನೀವು ಯಾಕೆ ಬಂದಿದ್ದಿರಿ ಎಂದು ಕೇಳಿದೆ. ಅವರು ತಡವರಿಸಿದರು. ಕಳ್ಳರು ನುಗ್ಗುವಂಥ ಏನೋ ಒಂದು ತೂತು ಇತ್ತು ಪ್ರಮೀಳಮ್ಮ, ಮುಚ್ಚಿದೆ ಎಂದರು. ಯಾವ ತೂತು? ನನಗೆ ಹೇಳದೆ ಯಾಕೆ ಮುಚ್ಚಬೇಕು? ಪಾಸ್‌ವರ್ಡ್ ಬದಲಾಯಿಸಿ, ಅಂಗಡಿ ಹೆಸರನ್ನೇ ಯಾಕೆ ಇಟ್ಟುಕೊಂಡಿದ್ದೀರಿ, ಬಟ್ಟೆ ಅಳೆಯುವ ಕೋಲಿನ ಮೇಲೆ ಅದನ್ನು ಬರೆದುಕೊಂಡಿದ್ದೀರಲ್ಲ ಅಂತ ಅವರು ನನಗೆ ಮೂರು ಸಲ ಬುದ್ಧಿ ಹೇಳಿದ್ದರು. ಮೂರು ಸಲವೂ ನಾನು, ನಿಮ್ಮ ಕೆಲಸ ನೋಡಿಕೊಳ್ಳಿ ಎಂದಿದ್ದೆ. ಆ ಸಿಟ್ಟು ಇಟ್ಟುಕೊಂಡು ಪಟ್ಟಿಗೆ ಯಾರದೋ ಹೆಸರು ತುರುಕಿ ನನಗೆ ಪಾಠ ಕಲಿಸಲು ಹೊರಟಿದ್ದಾರೆ ಎಂದು ನನಗೆ ಆ ಕ್ಷಣವೇ ಅನ್ನಿಸಿತು. ಅನ್ನಿಸಿದ ಮೇಲೆ ಅವರ ಪ್ರತಿಯೊಂದು ಮಾತೂ ಅದಕ್ಕೇ ಸಾಕ್ಷಿಯಾಗಿ ಕಂಡಿತು. ಪಟ್ಟಿಯಲ್ಲಿ ಒಬ್ಬೊಬ್ಬರದೂ ನೋಡೋಣ, ಅದಕ್ಕೂ ದಾರಿಯಿದೆ ಅಂತ ಅವರು ಹೇಳುತ್ತಿದ್ದಾಗ ಲ್ಯಾಪ್‌ಟಾಪ್ ಮುಚ್ಚಿ ಅವರ ಕೈಗೆ ಕೊಟ್ಟೆ.

ಶುಕ್ರವಾರ ಸಂಘದ ಸಭೆ. ನಾನು ಎದ್ದು ನಿಂತು ಎಲ್ಲರ ಎದುರಿಗೆ ಹೇಳಿಬಿಟ್ಟೆ. ನನ್ನ ಶಟರ್ ಕಚ್ಚಿದ್ದು ತೀರ್ಥೇಶನ ಕೈವಾಡ, ನಮಗೆ ಹೇಳದೆ ಕೇಳದೆ ನಮ್ಮ ನಮ್ಮ ಅಂಗಡಿಯ ಒಳಗೆ ಬಂದು ಹೋಗುತ್ತಾನೆ, ನಾಳೆ ನಿಮ್ಮದೂ ಕಚ್ಚಬಹುದು ಅಂತ. ಇಲಿಯಾಸ್ ಸಾಹೇಬರು, ಸಾಕ್ಷಿ ಇಲ್ಲದೆ ಹಾಗೆಲ್ಲ ಅನ್ನಬಾರದಮ್ಮ ಎಂದರು. ಸೋಮವಾರ ಮೂರು ಗಂಟೆ ಎಂದು ನಾನು ಹೇಳಿದೆ.  ಶನಿವಾರ ಮಧ್ಯಾಹ್ನದೊಳಗೆ ಉಳಿದ ಹನ್ನೊಂದು ಅಂಗಡಿಯವರೂ ತಮ್ಮ ಬೀಗದ ಜವಾಬ್ದಾರಿಯನ್ನು ಅವರಿಂದ ಬಿಡಿಸಿಕೊಂಡರು, ಸಾಹೇಬರೂ ಸೇರಿ. ನನಗೆ ಸಮಾಧಾನವಾಯಿತೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಯಿತು.

ಸಮಾಧಾನದಿಂದ ಶಟರ್ ಏಳುತ್ತದೆಯೇ? ಕಳ್ಳ ಯಾರಾದರೂ ಆಗಲಿ, ಯಾರಿಗೆ ಹೋಯಿತು ಅನ್ನುವುದು ಗೊತ್ತಾಗಬೇಕಲ್ಲ. ಫೋನಿನಲ್ಲಿದ್ದ ಪಟ್ಟಿ ಹಿಡಿದು ಮನೆ ಮನೆ ಸುತ್ತಿದೆ. ಬನ್ನಿ, ನನ್ನ ಶಟರಿಗೆ ಒಂದು ಕೈ ಹಾಕಿ ಎಂದು ಕೈಮುಗಿದೆ. ಹೆಂಗಸರು ಬಂದರು. ತರಕಾರಿ ಚೀಲ ಕೆಳಗಿಟ್ಟು, ಬಳೆ ಹಿಂದಕ್ಕೆ ಸರಿಸಿಕೊಂಡು ಒಬ್ಬೊಬ್ಬರೇ ಎತ್ತಿ ನೋಡಿದರು. ಏಳದಿದ್ದಾಗ ಕೆಲವರಿಗೆ ಮುಜುಗರವಾಗುತ್ತಿತ್ತು, ತಮ್ಮದೇ ತಪ್ಪು ಅನ್ನುವ ಹಾಗೆ. ಕೆಲವರು ಬೇಕೆಂತಲೇ ಬಲ ಹಾಕುತ್ತಿಲ್ಲವೇನೋ ಅಂತ ನನಗೆ ಅನುಮಾನ. ಎಲೆಹಸಿರಿನವಳು ಕೈ ಹಾಕುವಾಗ ತುಟಿಯಂಚಲ್ಲಿ ನಕ್ಕಳು, ಅವಳ ಮೇಲೆ ಒಂದು ದಿನವೆಲ್ಲ ಕಣ್ಣಿಟ್ಟೆ. ಪಟ್ಟಿಯಲ್ಲಿ ಬರೀ ಮೇಲ್ ವಿಳಾಸಗಳು, ಹೆಸರಿನ ತುಂಡು, ಹುಟ್ಟಿದ ವರ್ಷ, ಅರ್ಥವಾಗದ ಅಕ್ಷರ. ಒಂದೊಂದನ್ನೂ ಬಿಡಿಸಿ ಯಾರದೆಂದು ಪತ್ತೆ ಮಾಡಿ ಎಂಟನೇ ದಿನದ ಹೊತ್ತಿಗೆ ನಾಲ್ಕು ಉಳಿದವು. ಆ ನಾಲ್ಕು ಯಾರದೆಂದು ಏನು ಮಾಡಿದರೂ ಗೊತ್ತಾಗಲಿಲ್ಲ. ಮೇಲ್ ಕಳಿಸಿ ಕೇಳೋಣವೆಂದರೆ ಶಟರ್ ಇನ್ನೂ ಬಿಗಿಯುತ್ತದೆ. ನನ್ನ ಪುಸ್ತಕಗಳೆಲ್ಲ ಅಂಗಡಿಯ ಒಳಗೆ.

ಏಳನೇ ದಿನದಿಂದಲೇ ಶಟರಿನ ಮಡಿಕೆಗಳು ಸಪಾಟಾಗತೊಡಗಿದ್ದವು. ಎಂಟನೇ ದಿನ ಅದರ ಮೇಲೆ ಬೆರಳಾಡಿಸಿದರೆ ಸುಣ್ಣದ ಪುಡಿ ಅಂಟಿತು. ಇಲಿಯಾಸ್ ಸಾಹೇಬರು ಚಹಾ ತರಿಸಿಕೊಟ್ಟರು, ನಾನು ಕುಡಿಯಲಿಲ್ಲ. ಆ ಹಳದಿ ಚೀಲದವಳು ಮಾತ್ರ ದಿನವೂ ಹನ್ನೊಂದು ಗಂಟೆಗೆ ತಪ್ಪದೆ ಬರುತ್ತಿದ್ದಳು. ನಿಲ್ಲುತ್ತಿದ್ದಳು, ನೋಡುತ್ತಿದ್ದಳು, ಹೋಗುತ್ತಿದ್ದಳು. ಕಬ್ಬಿನ ಹಾಲನ್ನಾದರೂ ಕುಡಿಯುತ್ತಾಳೋ ಅಂದರೆ ಅದೂ ಇಲ್ಲ. ತೀರ್ಥೇಶನೇ ಕಳಿಸಿದವಳಿರಬೇಕು, ನನ್ನ ಗೋಡೆ ಎಷ್ಟು ಬೆಳೆಯಿತೆಂದು ವರದಿ ಒಪ್ಪಿಸುವವಳು ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಒಂಬತ್ತನೇ ದಿನ ಅವಳು ಬಂದು ನಿಂತಾಗ ನನಗೆ ರೇಗಿಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆ ದಾಟಿದೆ.

"ಏನಮ್ಮ, ದಿನಾ ಬಂದು ಏನ್ ನೋಡ್ತಾ ಇದ್ದೀರಿ?" ಎಂದೆ.

ಅವರು ನನ್ನನ್ನು ಒಮ್ಮೆ, ಶಟರನ್ನು ಒಮ್ಮೆ ನೋಡಿದರು. "ನೀವೇ ಬನ್ನಿ ಅಂತ ಬರೆದಿದ್ರಲ್ಲ. ಅಂಗಡಿ ತೆಗೀತೀರೇನೋ ಅಂತ ಕಾಯ್ತಾ ಇದ್ದೀನಿ" ಎಂದರು.

ನಾನು ಯಾವಾಗ ಬರೆದೆ ಎಂದು ಜೋರು ಮಾಡಿದೆ. ಅವರು ಫೋನು ತೆಗೆದು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಹುಡುಕಿ ತೋರಿಸಿದರು. ನನ್ನದೇ ಹಬ್ಬದ ಮೇಲ್. ಮೊದಲ ಸಾಲಿನಲ್ಲೇ ನಾನು ಬಹಳ ಯೋಚಿಸಿ, ಚೆನ್ನಾಗಿದೆ ಅಂತ ಹೆಮ್ಮೆಪಟ್ಟುಕೊಂಡು ಬರೆದ ಮಾತು, ನೀವು ಹುಡುಕುತ್ತಿದ್ದ ಬಣ್ಣ ನಮ್ಮಲ್ಲಿ ಬಂದಿದೆ, ಬನ್ನಿ. ಆಮೇಲೆ ಅವರು ಹಳದಿ ಚೀಲದಿಂದ ಪೇಪರಿನಲ್ಲಿ ಸುತ್ತಿದ ಸೀರೆಯನ್ನು ಅರ್ಧ ಹೊರಗೆಳೆದರು. ಈರುಳ್ಳಿ ಸಿಪ್ಪೆ ಬಣ್ಣ. ಬರೀ ಈರುಳ್ಳಿ ಸಿಪ್ಪೆಯಲ್ಲ, ಬಿಸಿಲಿಗೆ ಹಿಡಿದರೆ ಒಳಗಿನಿಂದ ಸ್ವಲ್ಪ ಹೊಗೆ ಬಣ್ಣ ಬರುವಂಥದು. ಮೂರು ವರ್ಷ ಎಲ್ಲೆಲ್ಲಿ ವಿಚಾರಿಸಿದರೂ ಸಿಗದೆ ನನ್ನ ಪುಸ್ತಕದಲ್ಲಿ ಉಳಿದ ಒಂದೇ ಒಂದು ಚೂರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಕಾತ್ಯಾಯಿನಮ್ಮ. ಈ ಬಣ್ಣ ಬಂದರೆ ಮಾತ್ರ ತಿಳಿಸಿ, ಬೇರೆ ಏನೂ ಕಳಿಸಬೇಡಿ ಅಂತ ಅವರು ಅಂದೇ ಹೇಳಿದ್ದರು.

 ಎಲ್ಲವೂ ಕಣ್ಣಿಗೆ ಕಟ್ಟಿತು. ಹೋದ ತಿಂಗಳು ಮಳಿಗೆಯಲ್ಲಿ ಕೂತ ಒಂದು ಮಧ್ಯಾಹ್ನ, ಇಲಿಯಾಸ್ ಸಾಹೇಬರು ಬಂದು ತಮ್ಮ ಪಟ್ಟಿ ಇನ್ನೂರ ಹನ್ನೆರಡಾಯಿತು ಎಂದು ಹೇಳಿ ಹೋಗಿದ್ದರು. ನನ್ನದೂ ಅಷ್ಟೇ ಇತ್ತು. ಸಮ ಸಮ ಇರುವುದು ನನಗೆ ಸಹಿಸಲಾಗಲಿಲ್ಲ. ಚೂರಿನ ಪುಸ್ತಕ ಎದುರಿಗೇ ತೆರೆದಿತ್ತು. ಪಕ್ಕದಲ್ಲಿ ಬರೆದ ವಿಳಾಸವನ್ನು ನೋಡಿಕೊಂಡು ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಿದೆ, ಖಾಲಿ ಚೌಕದಲ್ಲಿ ಅವರ ಪರವಾಗಿ ನಾನೇ ಟಿಕ್ ಹಾಕಿದೆ. ಅವರೇ ಕೊಟ್ಟ ವಿಳಾಸ ತಾನೇ ಎಂದುಕೊಂಡೆ. ಮರುದಿನಕ್ಕೆ ಅದು ಮರೆತೇ ಹೋಗಿತ್ತು.

"ಬಣ್ಣ ಬಂದಿದ್ರೆ ನೋಡ್ಕೊಂಡು ಹೋಗ್ತೀನಿ" ಎಂದರು ಕಾತ್ಯಾಯಿನಮ್ಮ. "ತಂಗಿ ಸೀರೆ. ಇದನ್ನ ಇನ್ನೊಂದು ಸಲ ಉಡಬೇಕು ಅಂತಿದ್ಲು. ಹೋಗಿ ಎರಡು ತಿಂಗಳಾಯ್ತು. ಆದ್ರೂ ಬಣ್ಣ ಸಿಕ್ತು ಕಣೆ ಅಂತ ಅವಳಿಗೆ ಹೇಳ್ಬೇಕಿತ್ತು ನಾನು."

ಒಂದು ಮಾತು ನಾನು ಮುಚ್ಚಿಡುವುದಿಲ್ಲ. ಬನ್ನಿ, ಶಟರಿಗೆ ಸ್ವಲ್ಪ ಕೈ ಹಾಕಿ, ತೆಗೆದು ತೋರಿಸುತ್ತೇನೆ ಎಂದಿದ್ದರೆ ಅವರು ಹಾಕುತ್ತಿದ್ದರು. ಒಂದೇ ಬೆರಳು. ಬಿಸಿಲು ನೆತ್ತಿಗೆ ಬರುತ್ತಿತ್ತು, ಸಂಜೆಯ ಹೊತ್ತಿಗೆ ನನ್ನ ಇಪ್ಪತ್ತಾರು ವರ್ಷ ಸುಣ್ಣದ ಗೋಡೆಯಾಗುತ್ತಿತ್ತು. ನಿಜ ಹೇಳಿದರೆ ಅವರು ಚೀಲ ಎತ್ತಿಕೊಂಡು ಹೋಗಬಹುದು, ಹೋದರೆ ಕೇಳುವ ಹಕ್ಕು ನನಗಿಲ್ಲ. ಬಾಯಿಯವರೆಗೆ ಬಂತು ಆ ಸುಳ್ಳು. ಆದರೆ ಆ ಸೀರೆಯನ್ನು ನೋಡುತ್ತಾ ಅದನ್ನು ಆಡಲು ನನ್ನಿಂದ ಆಗಲಿಲ್ಲ.

"ಬಣ್ಣ ಬಂದಿಲ್ಲ ಕಾತ್ಯಾಯಿನಮ್ಮ" ಎಂದೆ. "ಅದು ಎಲ್ಲರಿಗೂ ಕಳಿಸಿದ ಮಾತು. ನೀವು ಒಪ್ಪಿಗೆ ಕೊಟ್ಟಿರ್ಲಿಲ್ಲ, ನಾನೇ ಹಾಕ್ಕೊಂಡೆ. ಶಟರ್ ಕಚ್ಚಿರೋದು ನಿಮ್ಮಿಂದ್ಲೇ. ನೀವು ಎತ್ತಿದ್ರೆ ಮಾತ್ರ ಏಳುತ್ತೆ."

 ಅವರು ಸೀರೆಯನ್ನು ಮತ್ತೆ ಪೇಪರಿಗೆ ಸುತ್ತಿ, ನಾಲ್ಕೂ ಮೂಲೆ ಮಡಿಸಿ ಚೀಲದೊಳಗೆ ಇಟ್ಟರು. "ಮೂವತ್ತೊಂದು ವರ್ಷ ಎಕ್ಸ್‌ಚೇಂಜಲ್ಲಿ ಕೂತಿದ್ದೆ" ಎಂದರು ಕೊನೆಗೆ. "ಒಬ್ಬರ ಕರೇನ ಇನ್ನೊಬ್ಬರಿಗೆ ಕೊಟ್ಟೋಳಲ್ಲ ನಾನು. ನನಗೊಬ್ಬಳಿಗೇ ಬರೆದಿದ್ದೀರಿ ಅಂತ ತಿಳ್ಕೊಂಡೆ."

ನಾನು ಅಲ್ಲೇ, ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ, ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನನ್ನನ್ನು ಬಿಟ್ಟು ತಾವೇ ರಸ್ತೆ ದಾಟಿ ಹೋಗಿ, ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯ ತೋರುಬೆರಳನ್ನು ಶಟರಿನ ಹಿಡಿಕೆಗೆ ಕೊಟ್ಟರು. ಅದು ಸರಸರ ಎದ್ದಿತು. ಸುಣ್ಣದ ಪುಡಿ ಅವರ ತಲೆಯ ಮೇಲೆಲ್ಲ ಉದುರಿತು. ಇಲಿಯಾಸ್ ಸಾಹೇಬರು ಭೂತಗನ್ನಡಿ ತೆಗೆದು ಎದ್ದು ನಿಂತರು. ಕಾತ್ಯಾಯಿನಮ್ಮ ಒಳಗೆ ಬಂದು, ಸುತ್ತ ಇದ್ದ ಸುರುಳಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ತಮ್ಮ ಚೂರು ಕೇಳಿದರು. ಪಿನ್ ತೆಗೆದು ಕೊಟ್ಟೆ. ಇನ್ನು ಯಾವ ಬಣ್ಣ ಬಂದರೂ ತಿಳಿಸಬೇಡಿ ಎಂದು ಹೇಳಿ ಹೊರಟುಹೋದರು. ಅವರ ಎದುರಿಗೇ ವಿಳಾಸವನ್ನು ಪುಸ್ತಕದಿಂದಲೂ ಕಂಪ್ಯೂಟರಿನಿಂದಲೂ ತೆಗೆಯಬೇಕೆಂದಿದ್ದೆ, ಅಷ್ಟು ಹೊತ್ತೂ ಅವರು ನಿಲ್ಲಲಿಲ್ಲ. ಅವರು ಹೋದ ಮೇಲೆ ತೆಗೆದೆ.

ಅಂಗಡಿ ತೆರೆದಿಟ್ಟೇ ಬಸ್ ಸ್ಟ್ಯಾಂಡಿನ ಹಿಂದಕ್ಕೆ ನಡೆದೆ. ತೀರ್ಥೇಶಣ್ಣ ನೆಲದ ಮೇಲೆ ಕೂತು ತಗಡಿನ ಬೋರ್ಡಿಗೆ ಬಣ್ಣ ಬಳಿಯುತ್ತಿದ್ದರು, ಎಷ್ಟೋ ವರ್ಷದ ಮೇಲೆ. ನಾನು ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಬ್ರಷ್ ಕೆಳಗಿಡಲಿಲ್ಲ. ಯಾವ ಟಿಕ್ಕು ಯಾವತ್ತು ಬಿತ್ತು, ಯಾವ ಕಂಪ್ಯೂಟರಿನಿಂದ ಬಿತ್ತು ಅಂತ ಅಲ್ಲೇ ಬರೆದಿರುತ್ತದೆ, ಇನ್ನೂರ ಹದಿಮೂರನೆಯದು ನಿಮ್ಮ ಅಂಗಡಿಯಿಂದಲೇ ಬಿದ್ದದ್ದು, ಆ ಬುಧವಾರವೇ ಐದು ನಿಮಿಷದಲ್ಲಿ ತೋರಿಸುತ್ತಿದ್ದೆ ಎಂದರು. ಕೇಳದೆ ಒಳಗೆ ಬಂದದ್ದು ನನ್ನ ತಪ್ಪೇ, ಹೇಳಿದರೆ ಬೇಡ ಅನ್ನುತ್ತೀರಿ ಅಂತ ಕದ್ದು ಬಂದು ತೂತು ಮುಚ್ಚಿ ಹೋಗುತ್ತಿದ್ದೆ, ಎರಡು ವರ್ಷದಿಂದಲೂ ಹಾಗೇ ಎಂದರು. 

"ಅನುಮಾನ ಪಟ್ಟಿದ್ದು ತಪ್ಪಲ್ಲ ಪ್ರಮೀಳಮ್ಮ" ಎಂದರು. "ಬೀಗದ ಕೈ ಇನ್ನೊಬ್ಬನ ಹತ್ರ ಇದ್ರೆ ಅನುಮಾನ ಬರ್ಬೇಕು. ನನ್ನನ್ನ ಕೇಳ್ಬೇಕಿತ್ತು. ಕೇಳದೆ ಊರಿಗೆಲ್ಲ ಕಳಿಸಿಬಿಟ್ರಲ್ಲ. ಅದನ್ನ ಎತ್ತೋಕೆ ಯಾರ ಬೆರಳಿದೆ?"

ಏನು ಮಾಡಲಿ ಎಂದು ಕೇಳಿದೆ. ಹೇಳಿದ ಕಡೆಗೆಲ್ಲ ಹೋಗಿ ಹೇಳಿ, ಮೇಲ್ ಮಾತ್ರ ಕಳಿಸಬೇಡಿ ಎಂದರು. ನನ್ನ ಬೀಗವನ್ನು ಮತ್ತೆ ಅವರು ತೆಗೆದುಕೊಳ್ಳಲಿಲ್ಲ. ಹೇಗೆ ಹಾಕಬೇಕೆಂದು ಕಲಿಸಿಕೊಟ್ಟರು. ಅಂಗಡಿಗೆ ಬಂದು ಅಳತೆಕೋಲಿನ ಮೇಲಿನ ಬರಹವನ್ನು ಉಜ್ಜಿ ತೆಗೆದೆ. ಹೊಸ ಪಾಸ್‌ವರ್ಡ್ ಏನೆಂದು ಅವರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಆಮೇಲೆ ಹನ್ನೊಂದು ಅಂಗಡಿ ಸುತ್ತಿದೆ. ತೀರ್ಥೇಶಣ್ಣನದು ಏನೂ ತಪ್ಪಿಲ್ಲ, ಟಿಕ್ ಹಾಕಿದವಳು ನಾನೇ ಎಂದು ಹನ್ನೊಂದು ಸಲ ಹೇಳುವುದು ಎಷ್ಟು ಕಷ್ಟ ಎಂದು ಹೇಳಿದವಳಿಗೇ ಗೊತ್ತು. ಕೆಲವರು ಅಯ್ಯೋ ಪಾಪ ಎಂದರು. ಕೆಲವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈಗ ಯಾಕೆ ಹೀಗೆ ಹೇಳುತ್ತಿದ್ದಾಳೆ, ಅವರಿಬ್ಬರ ನಡುವೆ ಏನೋ ಒಪ್ಪಂದವಾಗಿರಬೇಕು ಅನ್ನುವ ಮುಖ ಮಾಡಿದರು. ಅಂಥವರ ಬಾಯಿ ನಾನು ಮುಚ್ಚಿಸಲಾರೆ. ಅನುಮಾನ ಬಿತ್ತಿದವಳು ನಾನೇ. ಹನ್ನೊಂದರಲ್ಲಿ ಏಳು ಜನ ಅವರ ಹತ್ತಿರ ಮರಳಿ ಹೋದರು. ನಾಲ್ವರು ಇವತ್ತಿಗೂ ಹೋಗಿಲ್ಲ.

ಕೊನೆಯದಾಗಿ ಇಲಿಯಾಸ್ ಸಾಹೇಬರ ಅಂಗಡಿಗೆ ಬಂದೆ. ಅವರು ಒಂದು ಲೇಡೀಸ್ ವಾಚಿನ ಹೊಟ್ಟೆ ಬಿಚ್ಚಿ ಕೂತಿದ್ದರು. ಎಲ್ಲ ಹೇಳಿ ಮುಗಿಸಿ, "ಈಗ ನಂದೂ ಇನ್ನೂರ ಹನ್ನೆರಡೇ ಸಾಹೇಬ್ರೆ" ಎಂದೆ. ಅವರು ನಗಬಹುದು ಅಂದುಕೊಂಡಿದ್ದೆ. ನಗಲಿಲ್ಲ. ಚಿಮಟ ಕೆಳಗಿಟ್ಟು, ಭೂತಗನ್ನಡಿ ತೆಗೆದು, ಮೇಜಿನ ಮೇಲಿದ್ದ ಕಂಪ್ಯೂಟರನ್ನು ನನಗೆ ಕಾಣದ ಹಾಗೆ ಸ್ವಲ್ಪ ಆಚೆ ತಿರುಗಿಸಿಕೊಂಡರು. ಏನೋ ಹುಡುಕಿದರು, ಏನೋ ಒತ್ತಿದರು. ಹೋದ ತಿಂಗಳು ಅವರು ಇನ್ನೂರ ಹನ್ನೆರಡು ಎಂದು ಹೇಳಲು ಬಂದಾಗ ನನ್ನದು ಎಷ್ಟಾಯಿತು ಎಂದು ಮೊದಲು ಕೇಳಿದ್ದು ನೆನಪಾಯಿತು. ಅವರೂ ಯಾರ ಪರವಾಗಿಯೋ ಟಿಕ್ ಹಾಕಿದ್ದರೇನೋ ಎಂದುಕೊಂಡು ಹೊರಗೆ ಬಂದೆ.

ಮರುದಿನ ಒಂಬತ್ತೂವರೆಗೆ ಇಬ್ಬರೂ ಒಟ್ಟಿಗೇ ಬೀಗ ತೆಗೆದೆವು. ಅವರು ಹಿಡಿಕೆಯ ಮೇಲೆ ಕೈಯಿಟ್ಟು ಎತ್ತದೆ ನಿಂತರು. ನಾನೂ ನಿಂತೆ. ಬೀದಿಯುದ್ದಕ್ಕೂ ನೋಡಿದರೆ ಹತ್ತಾರು ಅಂಗಡಿಯವರು ಹಾಗೇ ನಿಂತಿದ್ದರು, ಕೈ ಹಿಡಿಕೆಯ ಮೇಲೆ, ಕಣ್ಣು ಪಕ್ಕದವರ ಶಟರಿನ ಮೇಲೆ. ಮೊದಲು ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ.